ಎರಡನೇ ಗೋಲು ಹೊಡೆಯದ ತಂಡ

ಬೆಂಗಳೂರು ಎಫ್‌ಸಿ ಕೈಚೆಲ್ಲಿದ ದೊಡ್ಡ ಪಂದ್ಯಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಚುಚ್ಚುತ್ತದೆ. ಮೊದಲಿನಿಂದ ಹಿಂದೆ ಬಿದ್ದು ಸೋತದ್ದು ಕಡಿಮೆ; ಮುಂದಿದ್ದು ಕಳೆದುಕೊಂಡದ್ದೇ ಹೆಚ್ಚು.

2015ರ ಮೇ 31, ಕಂಠೀರವ ಕ್ರೀಡಾಂಗಣ. ಐ-ಲೀಗ್‌ನ ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಾಗಾನ್. ಗೆದ್ದರೆ ಕಪ್ ನಮ್ಮದು, ಸಮವಾದರೆ ಅವರದು. ಮೊದಲಾರ್ಧದಲ್ಲೇ ಜಾನ್ ಜಾನ್ಸನ್ ಗೋಲು ಹೊಡೆದರು. 87ನೇ ನಿಮಿಷದವರೆಗೂ ಕಪ್ ಬೆಂಗಳೂರಿನಲ್ಲೇ ಇತ್ತು. ಆಮೇಲೆ ಒಂದು ಕಾರ್ನರ್, ಬೆಲ್ಲೊ ರಜಾಕ್ ತಲೆ, 1-1. ಕಪ್ ಕೋಲ್ಕತ್ತಕ್ಕೆ ಹೋಯಿತು.

2018ರ ಮಾರ್ಚ್ 17, ಅದೇ ಕಂಠೀರವ. ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷವೇ ಲೀಗ್ ಹಂತದಲ್ಲಿ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಹೆಚ್ಚು. ಫೈನಲ್‌ನಲ್ಲಿ ಎದುರಾದದ್ದೂ ಅದೇ ಚೆನ್ನೈಯಿನ್. 9ನೇ ನಿಮಿಷಕ್ಕೆ ಸುನಿಲ್ ಚೆಟ್ರಿ ಹಾರಿ ತಲೆ ಕೊಟ್ಟರು, ಊರೆಲ್ಲ ಕುಣಿಯಿತು. ವಿರಾಮದ ಸೀಟಿ ಊದುವಷ್ಟರಲ್ಲಿ ಮೈಲ್ಸನ್ ಆಲ್ವೆಸ್ ಎಂಬ ಡಿಫೆಂಡರ್ ಎರಡು ಕಾರ್ನರ್‌ಗಳಿಂದ ಎರಡು ಹೆಡರ್ ಹೊಡೆದಾಗಿತ್ತು. ಕೊನೆಗೆ 2-3.

2023ರ ಮಾರ್ಚ್ 18, ಗೋವಾದ ಫಟೋರ್ಡಾ. ಮತ್ತೆ ಐಎಸ್‌ಎಲ್ ಫೈನಲ್. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಗೋಲಿನಿಂದ 2-1 ಮುಂದೆ. 85ನೇ ನಿಮಿಷಕ್ಕೆ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿ, ಡಿಮಿಟ್ರಿ ಪೆಟ್ರಾಟೊಸ್ ಗೋಲು, 2-2. ಪೆನಾಲ್ಟಿ ಶೂಟೌಟ್‌ನಲ್ಲಿ 4-3ರಿಂದ ಸೋಲು.

2025ರ ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ. ಐಎಸ್‌ಎಲ್ ಫೈನಲ್, ಎದುರಿಗೆ ಮತ್ತೆ ಮೋಹನ್ ಬಾಗಾನ್. 49ನೇ ನಿಮಿಷದಲ್ಲಿ ಬಾಗಾನ್‌ನ ಆಲ್ಬರ್ಟೊ ರೊಡ್ರಿಗೆಸ್ ತಮ್ಮದೇ ಬಲೆಗೆ ಚೆಂಡು ಹಾಕಿಕೊಂಡರು. ನಾವು ಮುಂದೆ. 72ನೇ ನಿಮಿಷಕ್ಕೆ ಜೇಸನ್ ಕಮಿಂಗ್ಸ್ ಪೆನಾಲ್ಟಿ, ಹೆಚ್ಚುವರಿ ಅವಧಿಯ 96ನೇ ನಿಮಿಷಕ್ಕೆ ಜೇಮಿ ಮ್ಯಾಕ್‌ಲಾರೆನ್. 1-2.

ಹತ್ತು ವರ್ಷಗಳಲ್ಲಿ ನಾಲ್ಕು ಸಲ ಒಂದೇ ಕಥೆ. ಕೋಚ್ ಬೇರೆ, ಆಟಗಾರರು ಬಹುತೇಕ ಬೇರೆ, ಲೀಗ್ ಕೂಡ ಬೇರೆ. ಆದರೂ ಸೋಲು ಒಂದೇ ಬಾಗಿಲಿನಿಂದ ಒಳಗೆ ಬರುತ್ತದೆ. ಇದನ್ನು ನಸೀಬು ಎಂದು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ನಮ್ಮ ಬನಹಟ್ಟಿಯ ಚಹಾದಂಗಡಿಗಳಲ್ಲಿ 2025ರ ಫೈನಲ್ ಮರುದಿನ ಕೇಳಿಬಂದದ್ದು ಎರಡೇ ಮಾತು. ಒಂದು, ‘ರೆಫ್ರಿ ಮುಳುಗ್ಸಿದ’. ಎರಡು, ‘ನಮ್ಮ ನಸೀಬ್‌ದಾಗ ಇಲ್ಲ ಬಿಡಪಾ’. ಎರಡಕ್ಕೂ ಆಧಾರವೇ ಇಲ್ಲ ಎನ್ನಲಾರೆ. 2023ರ ಆ ಕೊನೆಯ ಪೆನಾಲ್ಟಿಯ ಫೌಲ್ ಗೆರೆಯ ಹೊರಗೆ ಆಗಿತ್ತು ಎಂಬ ವಾದ ಇನ್ನೂ ಮುಗಿದಿಲ್ಲ, ನಾನೂ ಆ ವಾದದ ಪರವೇ ಇದ್ದೇನೆ. ಆದರೆ ರೆಫರಿಯನ್ನು ಬೈಯುತ್ತ ಕೂತರೆ ತಂಡದ ರೋಗ ಹಾಗೇ ಉಳಿಯುತ್ತದೆ. ಪ್ರೀತಿಯಿಂದ ನೋಡುವವನು ಕಂಡದ್ದನ್ನು ಹೇಳಬೇಕು. ನಾನು ಕಂಡದ್ದು ಇಷ್ಟು: ನಮ್ಮ ತಂಡಕ್ಕೆ ಮೊದಲ ಗೋಲು ಹೊಡೆಯುವುದು ಗೊತ್ತು, ಎರಡನೆಯದರ ಹಸಿವಿಲ್ಲ. ಗೋಲು ಬಿದ್ದ ಕೂಡಲೇ ಅದನ್ನು ಬಚ್ಚಿಟ್ಟುಕೊಳ್ಳಲು ಹೋಗುತ್ತದೆ. ಬಚ್ಚಿಡುವ ವಿದ್ಯೆಯೂ ಅದಕ್ಕೆ ಪೂರ್ತಿ ಬರುವುದಿಲ್ಲ.

ನಮ್ಮ ಕಡೆ ಫುಟ್‌ಬಾಲ್ ನೋಡುವ ರೀತಿಯೇ ಬೇರೆ. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಓಡುತ್ತಿದ್ದರೆ ಪಕ್ಕದವನ ಮಾತೇ ಕೇಳಿಸುವುದಿಲ್ಲ, ಇನ್ನು ಮೊಬೈಲಿನ ಕಾಮೆಂಟರಿ ಎಲ್ಲಿಂದ ಕೇಳಬೇಕು? ಮಗ್ಗದ ಮೇಲೆ ಒಂದು ಕಣ್ಣು, ಗೋಡೆಗೆ ಆನಿಸಿಟ್ಟ ಫೋನಿನ ಮೇಲೆ ಇನ್ನೊಂದು ಕಣ್ಣು. ಹೀಗೆ ಮಾತಿಲ್ಲದೆ ನೋಡುವುದರಿಂದ ಒಂದು ಲಾಭವಿದೆ. ಕಾಮೆಂಟರಿಯವರು ಚೆಂಡಿನ ಹಿಂದೆ ಓಡುತ್ತಾರೆ; ಸದ್ದಿಲ್ಲದೆ ನೋಡುವವನಿಗೆ ಚೆಂಡಿಲ್ಲದ ಕಡೆಯೂ ಕಾಣುತ್ತದೆ. ಏಪ್ರಿಲ್ 12ರಂದು ನಮ್ಮ ಗೋಲು ಬಿದ್ದ ಹತ್ತು ನಿಮಿಷಕ್ಕೆಲ್ಲ ಕಂಡದ್ದು ಏನೆಂದರೆ, ಅಲ್ಲಿಯವರೆಗೆ ಮೈದಾನದ ನಡುಗೆರೆಯ ಹತ್ತಿರ ನಿಂತಿದ್ದ ನಮ್ಮ ರಕ್ಷಣಾ ಸಾಲು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತ್ತು. ಯಾರೂ ಹೇಳಿ ಮಾಡಿಸಿದಂತೆ ಇರಲಿಲ್ಲ, ಭಯವೇ ಎಳೆದುಕೊಂಡು ಹೋದಂತಿತ್ತು.

ಮೊದಲಾರ್ಧದಲ್ಲಿ ಆಟ ನಮ್ಮದೇ ಆಗಿತ್ತು. ಕಿಕ್ಕಿರಿದ ಆ ಕ್ರೀಡಾಂಗಣದಲ್ಲಿ ಬಾಗಾನ್‌ನವರಿಗೆ ಉಸಿರಾಡಲು ಬಿಡದೆ ಒತ್ತಿದ್ದೆವು. ಲೀಗ್ ಹಂತದಲ್ಲಿ 56 ಅಂಕ ಗಳಿಸಿ ಶೀಲ್ಡ್ ಎತ್ತಿದ ತಂಡ ಅದು, ನಾವು 38 ಅಂಕದ ಮೂರನೇ ಸ್ಥಾನದವರು. ಆದರೂ ಆ 45 ನಿಮಿಷದಲ್ಲಿ ಅಂಕಪಟ್ಟಿ ಯಾರಿಗೂ ನೆನಪಾಗಲಿಲ್ಲ. ಗೋಲು ಬಿದ್ದ ಮೇಲೆ ಒತ್ತುವುದು ನಿಂತಿತು.

ಸಾಲು ಹಿಂದಕ್ಕೆ ಸರಿದರೆ ಏನಾಗುತ್ತದೆ? ಎದುರಾಳಿಗೆ ಚೆಂಡು ಸುಲಭವಾಗಿ ಸಿಗುತ್ತದೆ, ನಮ್ಮ ಪೆನಾಲ್ಟಿ ಬಾಕ್ಸ್‌ನ ಹತ್ತಿರ ಸಿಗುತ್ತದೆ. ಮತ್ತೆ ಮತ್ತೆ ಕ್ರಾಸ್, ಮತ್ತೆ ಮತ್ತೆ ಕಾರ್ನರ್. ಹತ್ತು ಸಲ ಚೆಂಡು ಬಾಕ್ಸಿಗೆ ಬಂದರೆ ಒಂದು ಸಲ ಯಾರದೋ ತಲೆಗೆ ಬೀಳುತ್ತದೆ, ಇಲ್ಲವೇ ಯಾರದೋ ಕೈಗೆ ತಾಗುತ್ತದೆ. ಫೈನಲ್‌ನಲ್ಲಿ ಚಿಂಗ್ಲೆನ್‌ಸನಾ ಸಿಂಗ್ ಅವರ ಕೈಗೆ ತಾಗಿತು. ಸೀಸನ್ ಪೂರ್ತಿ ಚೆನ್ನಾಗಿ ಆಡಿದ ಡಿಫೆಂಡರ್ ಅವರು, ಅವರೊಬ್ಬರನ್ನೇ ದೂರುವುದು ಅನ್ಯಾಯ. ಆ ಹ್ಯಾಂಡ್‌ಬಾಲ್ ಆ ಒಂದು ಕ್ಷಣದ ತಪ್ಪಲ್ಲ. ಇಪ್ಪತ್ತು ನಿಮಿಷ ನಮ್ಮದೇ ಬಾಕ್ಸಿನಲ್ಲಿ ಕೂತದ್ದಕ್ಕೆ ತೆತ್ತ ದಂಡ ಅದು. 2015ರ ಕಾರ್ನರ್, 2018ರ ಎರಡು ಕಾರ್ನರ್, 2023ರಲ್ಲಿ ಬಿಟ್ಟುಕೊಟ್ಟ ಎರಡು ಪೆನಾಲ್ಟಿ, 2025ರ ಒಂದು ಪೆನಾಲ್ಟಿ: ಎಲ್ಲವೂ ಒಂದೇ ಅಂಗಳದಲ್ಲಿ ನಡೆದವು.

ಜಮಖಂಡಿ, ಮುಧೋಳ, ಬೀಳಗಿ ಕಡೆಯವರಿಗೆ ಇದನ್ನು ಕಬಡ್ಡಿಯ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕೊನೆಯ ನಿಮಿಷಗಳಲ್ಲಿ ಮುಂದಿರುವ ತಂಡದ ರೈಡರ್ ಎದುರಿನ ಅಂಗಳಕ್ಕೆ ಹೋಗಿ ಹೊತ್ತು ಕಳೆದು ಬರಿಗೈಯಲ್ಲಿ ಮರಳಬಹುದು. ಆದರೆ ಪ್ರೊ ಕಬಡ್ಡಿಯಲ್ಲಿ ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಅಂಕ ತರದಿದ್ದರೆ ರೈಡರ್ ಔಟ್. ಮುನ್ನಡೆಯ ಮೇಲೆ ಕೂತುಕೊಳ್ಳಲು ಆಟದ ಕಾಯಿದೆಯೇ ಬಿಡುವುದಿಲ್ಲ, ಮತ್ತೆ ಹೋಗಿ ಮುಟ್ಟಿ ಬರಲೇಬೇಕು. ಫುಟ್‌ಬಾಲ್‌ನಲ್ಲಿ ಅಂಥ ಕಾಯಿದೆ ಇಲ್ಲ. ಅಲ್ಲಿ ಎದುರಾಳಿಯ ಅಂಗಳಕ್ಕೆ ಮತ್ತೆ ಹೋಗುವ ಛಲ ತಂಡದ ಒಳಗಿನಿಂದಲೇ ಬರಬೇಕು. ನಮ್ಮ ತಂಡದಲ್ಲಿ ಅದು ಯಾಕೆ ಬರುತ್ತಿಲ್ಲ ಎಂಬುದೇ ನನ್ನ ಪ್ರಶ್ನೆ.

ಬರುವುದೇ ಇಲ್ಲ ಎಂದೂ ಹೇಳುವಂತಿಲ್ಲ, ಹೊಟ್ಟೆ ಉರಿಯುವುದು ಅದಕ್ಕೇ. 2024ರ ಸೆಪ್ಟೆಂಬರ್ 28ರಂದು ಕಂಠೀರವದಲ್ಲಿ ಇದೇ ಬಾಗಾನ್ ವಿರುದ್ಧ, 2025ರ ಫೈನಲ್‌ನಲ್ಲೂ ಇದ್ದ ಕೋಚ್ ಜೆರಾರ್ಡ್ ಸರಗೋಸಾ ಕೈಕೆಳಗೆ, ನಾವು 3-0 ಗೆದ್ದೆವು. ಎಡ್ಗರ್ ಮೆಂಡೆಜ್ ಮೊದಲ ಗೋಲು ಹೊಡೆದ ಮೇಲೆ ತಂಡ ನಿಲ್ಲಲಿಲ್ಲ. ಸುರೇಶ್ ಸಿಂಗ್ ಎರಡನೆಯದು, ಚೆಟ್ರಿ ಮೂರನೆಯದು. ಬಾಗಾನ್ ತಿರುಗಿ ನೋಡುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಯ ಮೇಲೆ 5-0. ಆಟಗಾರರು ಅವರೇ. ಎರಡನೇ ಗೋಲಿಗೆ ಹೋದ ದಿನ ಅವರನ್ನು ಹಿಡಿಯುವವರಿಲ್ಲ.

ಆದರೆ ಅದೇ ಸೀಸನ್‌ನ ಸೆಮಿಫೈನಲ್ ನೆನಪಿಸಿಕೊಳ್ಳಿ. ಎಫ್‌ಸಿ ಗೋವಾ ವಿರುದ್ಧ ಬೆಂಗಳೂರಿನಲ್ಲಿ 2-0 ಗೆದ್ದು ಫಟೋರ್ಡಾಕ್ಕೆ ಹೋದೆವು. ಎರಡು ಗೋಲಿನ ಗಂಟು ಸೊಂಟಕ್ಕೆ ಕಟ್ಟಿಕೊಂಡು ಹೋದವರು ಅದನ್ನು ಕಾಯಲು ಕೂತರು. ಬೋರ್ಹಾ ಹೆರೆರಾ ಒಂದು ಹೊಡೆದರು. 88ನೇ ನಿಮಿಷಕ್ಕೆ ಅರ್ಮಾಂಡೊ ಸಾದಿಕು ಇನ್ನೊಂದು ಹೊಡೆದು ಗಂಟು ಖಾಲಿ ಮಾಡಿದರು. ನಿಗದಿತ ಅವಧಿ ಮುಗಿದ ಮೇಲಿನ ಎರಡನೇ ನಿಮಿಷದಲ್ಲಿ ನಮ್‌ಗ್ಯಾಲ್ ಭುಟಿಯಾ ಕ್ರಾಸಿಗೆ ಚೆಟ್ರಿ ತಲೆ ಕೊಟ್ಟು ನಮ್ಮನ್ನು ಫೈನಲ್‌ಗೆ ಎಳೆದರು. ಆ ರಾತ್ರಿ ನಾವೆಲ್ಲ ಕೇಕೆ ಹಾಕಿದೆವು. ಫೈನಲ್‌ಗೆ ಮುಂಚೆಯೇ ರೋಗ ಕಾಣಿಸಿಕೊಂಡಿತ್ತು, ಚೆಟ್ರಿಯ ಹೆಡರ್ ಅದನ್ನು ಮುಚ್ಚಿತು, ಅಷ್ಟೇ. ಫೈನಲ್ ಸೋತು ಎರಡು ವಾರ ಕಳೆಯುವ ಮೊದಲೇ ಭುವನೇಶ್ವರದ ಸೂಪರ್ ಕಪ್‌ನಲ್ಲಿ ಇಂಟರ್ ಕಾಶಿ ವಿರುದ್ಧ ಮತ್ತೆ ಅದೇ ಆಯಿತು. ಮುನ್ನಡೆ, ಕೊನೆಯ ಹೊತ್ತಿಗೆ ಸಮ, ಪೆನಾಲ್ಟಿಯಲ್ಲಿ ಸೋಲು.

ಈಗ ಚೆಟ್ರಿಯ ವಿಷಯಕ್ಕೆ ಬರೋಣ. ಕಷ್ಟದ ಮಾತು ಇದು, ಆದರೂ ಆಡಬೇಕು.

2013ರಲ್ಲಿ ಕ್ಲಬ್ ಹುಟ್ಟಿದಾಗ ಬಂದವರು ಅವರು. ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, 2018ರ ಸೂಪರ್ ಕಪ್, 2019ರ ಐಎಸ್‌ಎಲ್, 2022ರ ಡುರಾಂಡ್ ಕಪ್: ಇವೆಲ್ಲ ಬಂದದ್ದು ಅವರ ಕಾಲದಲ್ಲಿ. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ರಾತ್ರಿ ಅವರದು ಎರಡು ಗೋಲು. ಭಾರತದ ಯಾವ ಕ್ಲಬ್ಬೂ ಆ ಫೈನಲ್‌ಗೆ ಅಲ್ಲಿಯವರೆಗೆ ಹೋಗಿರಲಿಲ್ಲ. 2024ರ ಜೂನ್ 6ರಂದು ಕುವೈತ್ ವಿರುದ್ಧ ಆಡಿ ದೇಶದ ಅಂಗಿ ಕಳಚಿದರು. ಆಮೇಲಿನ ಐಎಸ್‌ಎಲ್‌ನಲ್ಲಿ, 40ನೇ ವಯಸ್ಸಿನಲ್ಲಿ, 14 ಗೋಲು ಹೊಡೆದರು. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್. ಆ ಆಟ ನೋಡಿ ಭಾರತ ತಂಡವೇ ಅವರನ್ನು ವಾಪಸ್ ಕರೆಯಿತು. 2025ರ ಮಾರ್ಚ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಶಿಲ್ಲಾಂಗ್‌ನಲ್ಲಿ ಅಂಗಿ ತೊಟ್ಟು ಮತ್ತೊಂದು ಗೋಲು ಹೊಡೆದರು. ನನ್ನ ಮಟ್ಟಿಗೆ ಅವರನ್ನು ಹೊಗಳಲು ಇರುವ ಮಾತುಗಳು ಯಾವಾಗಲೋ ಮುಗಿದಿವೆ.

ಆದರೆ ಈ 14 ಗೋಲು ಕ್ಲಬ್ಬಿಗೆ ಹೆಮ್ಮೆ ತರುವಷ್ಟೇ ಆತಂಕವನ್ನೂ ತರಬೇಕು. ತಂಡದ ಬೇರೆ ಯಾವ ಭಾರತೀಯ ಫಾರ್ವರ್ಡ್ ಕೂಡ ಅದರ ಹತ್ತಿರ ಸುಳಿಯಲಿಲ್ಲ. ಶಿವಶಕ್ತಿ ನಾರಾಯಣನ್ ಎಲ್ಲಿಗೆ ಹೋದರು? ತಮಿಳುನಾಡಿನ ಶಿವಗಂಗಾ ಜಿಲ್ಲೆಯಿಂದ ಬಂದ ಆ ಹುಡುಗ 2022ರ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಹೊಡೆದವನು. 2022-23ರ ಐಎಸ್‌ಎಲ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದವನು. ಚೆಟ್ರಿಯ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ನಾವೆಲ್ಲ ಆಗ ನೆಮ್ಮದಿಯ ಉಸಿರು ಬಿಟ್ಟಿದ್ದೆವು. ಮುಂದಿನ ಸೀಸನ್‌ಗಳಲ್ಲಿ ಅವನ ಆಟದ ಸಮಯ ಕಡಿಮೆಯಾಯಿತು, ಗೋಲು ಇಳಿದವು, ಹೆಸರು ಮಸುಕಾಯಿತು. ಹುಡುಗ ಸೋತನೋ, ಕ್ಲಬ್ ಅವನನ್ನು ಬೆಳೆಸುವುದರಲ್ಲಿ ಸೋತಿತೋ? ಎರಡನೆಯದೇ ಹೆಚ್ಚು ನಿಜ ಎಂಬುದು ನನ್ನ ಅನಿಸಿಕೆ. ಸ್ಟ್ರೈಕರ್‌ಗೆ ಬೇಕಾದದ್ದು ಸತತ ಪಂದ್ಯಗಳು. ನಾಲ್ಕು ಸಲ ಹೊರಗೆ ಹೊಡೆದರೂ ಐದನೇ ಸಲ ಮೈದಾನಕ್ಕೆ ಇಳಿಸುವ ಕೋಚ್ ಬೇಕು. ಗೆಲ್ಲಲೇಬೇಕಾದ ಒತ್ತಡದಲ್ಲಿರುವ ಕೋಚ್ ಚೆಟ್ರಿಯನ್ನೋ ವಿದೇಶಿ ಆಟಗಾರನನ್ನೋ ಇಳಿಸುತ್ತಾನೆ. 2023-24ರಲ್ಲಿ 10ನೇ ಸ್ಥಾನಕ್ಕೆ ಕುಸಿದು, ಸೀಸನ್ ನಡುವೆಯೇ ಸೈಮನ್ ಗ್ರೇಸನ್ ಹೋಗಿ ಸರಗೋಸಾ ಬಂದ ತಂಡದಲ್ಲಿ ಆ ತಾಳ್ಮೆ ಯಾರಿಗೆ ಉಳಿದೀತು?

ಎರಡನೇ ಗೋಲಿನ ಪ್ರಶ್ನೆ ಇಲ್ಲಿಗೇ ಬಂದು ನಿಲ್ಲುತ್ತದೆ. 1-0 ಮುಂದಿರುವಾಗ ಎದುರಾಳಿ ಎಲ್ಲರನ್ನೂ ಮುಂದಕ್ಕೆ ಕಳಿಸುತ್ತಾನೆ, ಅವನ ಬೆನ್ನ ಹಿಂದೆ ಜಾಗ ಖಾಲಿ ಬೀಳುತ್ತದೆ. ಆ ಜಾಗಕ್ಕೆ ನುಗ್ಗಿ ಓಡುವ 22-23 ವರ್ಷದ ಕಾಲು ಬೇಕು. ಚೆಟ್ರಿಗೆ ಚೆಂಡು ಎಲ್ಲಿ ಬೀಳುತ್ತದೆ ಎಂದು ಉಳಿದವರಿಗಿಂತ ಮೊದಲೇ ಗೊತ್ತಾಗುತ್ತದೆ, ಆದರೆ ಅರ್ಧ ಮೈದಾನ ಓಡಿ ಹೋಗು ಎಂದು 2025ರ ಆಗಸ್ಟ್ 3ಕ್ಕೆ 41 ತುಂಬಿದವರಿಗೆ ಹೇಳುವುದು ಸರಿಯಲ್ಲ. 2025ರ ಫೈನಲ್‌ನಲ್ಲಿ ರಯಾನ್ ವಿಲಿಯಮ್ಸ್ ಓಡಿದರು, ದಣಿದರು. ಬೆಂಚಿನಿಂದ ಎದ್ದು ಬಂದು ಆ ಓಟ ಮುಂದುವರಿಸುವವರು ಸಿಗಲಿಲ್ಲ. ಬಾಗಾನ್‌ನ ಆಗಿನ ಕೋಚ್ ಹೊಸೆ ಮೋಲಿನಾ ಬೆಂಚಿನ ಕಡೆ ತಿರುಗಿದರೆ ಅಲ್ಲಿ ಭಾರತ ತಂಡಕ್ಕೆ ಆಡಿದವರು ಕೂತಿದ್ದರು. ದುಡ್ಡಿನ ವ್ಯತ್ಯಾಸ ಅದು, ಒಪ್ಪುತ್ತೇನೆ. ದುಡ್ಡು ಕಡಿಮೆಯಿರುವ ಕ್ಲಬ್ ಆಟಗಾರರನ್ನು ಕೊಳ್ಳುವ ಬದಲು ಬೆಳೆಸಬೇಕು.

ಬೆಳೆಸಿದರೆ ಆಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದ ತಂಡವೇ ಸಾಕ್ಷಿ. 2022ರ ಏಪ್ರಿಲ್‌ನಲ್ಲಿ ಮಂಜೇರಿಯಲ್ಲಿ ಸಂತೋಷ್ ಟ್ರೋಫಿ ಸೆಮಿಫೈನಲ್. ಕೇರಳದ ವಿರುದ್ಧ ಕರ್ನಾಟಕವೇ ಮೊದಲು ಗೋಲು ಹೊಡೆಯಿತು. ಆಮೇಲೆ ಬದಲಿ ಆಟಗಾರನಾಗಿ ಬಂದ ಟಿ.ಕೆ. ಜೆಸಿನ್ ಒಬ್ಬನೇ ಐದು ಗೋಲು ಹೊಡೆದ. 3-7. ಅಷ್ಟು ಹೀನಾಯವಾಗಿ ಸೋತ ರಾಜ್ಯ ಮರುವರ್ಷ ಏನು ಮಾಡಿತು? ರವಿಬಾಬು ರಾಜು ಕೋಚ್ ಆಗಿ, ಹೆಚ್ಚು ಹೆಸರಿಲ್ಲದ ಹುಡುಗರನ್ನು ಕಟ್ಟಿಕೊಂಡು, 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಟ್ರೋಫಿ ಎತ್ತಿತು. ಹಳೆಯ ಮೈಸೂರು ತಂಡ 1968-69ರಲ್ಲಿ ಗೆದ್ದ ಮೇಲೆ ಅದೇ ಮೊದಲು, 54 ವರ್ಷಗಳ ನಂತರ. ಆ ಪಂದ್ಯದಲ್ಲಿ ಸುನಿಲ್ ಕುಮಾರ್ ಎರಡನೇ ನಿಮಿಷಕ್ಕೇ ಗೋಲು ಹೊಡೆದರು. ಮೇಘಾಲಯ ಸಮ ಮಾಡಿತು. ಬೇಕಿ ಓರಾಂ ಎರಡನೆಯದು ಹೊಡೆದರು. ಅಲ್ಲಿಗೂ ತೃಪ್ತಿಯಿಲ್ಲದೆ ವಿರಾಮಕ್ಕೆ ಮುಂಚೆ ರಾಬಿನ್ ಯಾದವ್ ಫ್ರೀಕಿಕ್‌ನಿಂದ ಮೂರನೆಯದು ಹೊಡೆದರು. ದ್ವಿತೀಯಾರ್ಧದಲ್ಲಿ ಮೇಘಾಲಯ ಒಂದು ವಾಪಸ್ ಕೊಟ್ಟಾಗ ಆ ಮೂರನೇ ಗೋಲೇ ಕಪ್ ಉಳಿಸಿತು. ಅದೇ ತಿಂಗಳು ಫಟೋರ್ಡಾದಲ್ಲಿ ಸೋತ ಬೆಂಗಳೂರು ಎಫ್‌ಸಿ ಆ ಪಂದ್ಯದ ವಿಡಿಯೊ ನೋಡಿದ್ದರೆ ಸಾಕಿತ್ತು.

ಇನ್ನು ನಮ್ಮ ಊರುಗಳ ಮಾತು. ಬೆಂಗಳೂರು ತಂಡ ಸೋತರೆ ಕೃಷ್ಣಾ-ಘಟಪ್ರಭೆ ದಂಡೆಯ ನಿಮಗೇನು ಎಂದು ಕೇಳುವವರಿದ್ದಾರೆ. ಐಎಸ್‌ಎಲ್‌ನಲ್ಲಿ ಕರ್ನಾಟಕಕ್ಕೆ ಇರುವುದು ಇದೊಂದೇ ತಂಡ, ನಮ್ಮದೆನ್ನಲು ಅಷ್ಟು ಸಾಕು. ಆದರೆ ಪಶ್ಚಿಮಕ್ಕೆ ಮಿರಜ್ ದಾಟಿ ಕೊಲ್ಹಾಪುರಕ್ಕೆ ಹೋದವರಿಗೆ ಒಂದು ಕೊರಗು ಹುಟ್ಟದೇ ಇರದು. ಅಲ್ಲಿ ಶಾಹು ಸ್ಟೇಡಿಯಂನಲ್ಲಿ ಊರಿನ ಎರಡು ಪೇಟೆಗಳ ತಂಡ ಆಡಿದರೂ ಗ್ಯಾಲರಿ ತುಂಬುತ್ತದೆ. ತಂಡಗಳ ಹೆಸರು ನೋಡಿ: ಪಾಟಾಕಡಿಲ್ ತಾಲೀಮ್, ದಿಲ್‌ಬಹಾರ್ ತಾಲೀಮ್, ಖಂಡೋಬಾ ತಾಲೀಮ್, ಬಾಲಗೋಪಾಲ ತಾಲೀಮ್. ತಾಲೀಮ್ ಎಂದರೆ ಕುಸ್ತಿಯ ಗರಡಿ. ಪೈಲ್ವಾನರ ಓಣಿಗಳೇ ಫುಟ್‌ಬಾಲ್ ತಂಡ ಕಟ್ಟಿದವು, ಸಂಸ್ಥಾನದ ಅರಮನೆ ಬೆನ್ನಿಗೆ ನಿಂತಿತು. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಅನಿಕೇತ್ ಜಾಧವ್ ಕೊಲ್ಹಾಪುರದವನು.

ನಮಗೇನು ಕಡಿಮೆಯಿತ್ತು? ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಗರಡಿಗಳೂ ಇದ್ದವು, ಕುಸ್ತಿ ಕಣಗಳೂ ಇದ್ದವು. ಮುಧೋಳ, ಜಮಖಂಡಿಯ ಜಾತ್ರೆಗಳಲ್ಲಿ ಇಂದಿಗೂ ನಿಕಾಲಿ ಕುಸ್ತಿಗೆ ಜನ ಮುಗಿಬೀಳುತ್ತಾರೆ. ಕಬಡ್ಡಿಯಲ್ಲಿ ಕಾಲು ಹಿಡಿಯುವ, ಸೈಕಲ್ ಮೇಲೆ ನೂರಾರು ಕಿಲೋಮೀಟರ್ ತುಳಿಯುವ ಹುಡುಗರು ಈ ನೆಲದಲ್ಲಿ ಹುಟ್ಟುತ್ತಲೇ ಇದ್ದಾರೆ. ತೊಡೆಯಲ್ಲಿ ಬಲ, ಎದೆಯಲ್ಲಿ ದಮ್ಮು, ಬಿದ್ದರೆ ಏಳುವ ಗಟ್ಟಿತನ: ಸ್ಟ್ರೈಕರ್‌ಗೆ ಇನ್ನೇನು ಬೇಕು? ಚೆಂಡಿನ ಪಾಠ ಬೇಕು. ಅದನ್ನು ಹತ್ತು-ಹನ್ನೊಂದನೇ ವಯಸ್ಸಿಗೆ ಶುರು ಮಾಡಿಸುವವರು ಬೇಕು. ಇಲ್ಲಿ ಫುಟ್‌ಬಾಲ್ ಎಂದರೆ ಶಾಲಾ ಕ್ರೀಡಾಕೂಟಕ್ಕೆ ಎರಡು ವಾರ ಮುಂಚೆ ಹೊರತೆಗೆದು, ಸೋತ ಮರುದಿನ ಸ್ಟೋರ್ ರೂಮಿಗೆ ಹೋಗುವ ಚೆಂಡು. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ಪುನರ್ವಸತಿ ಕೇಂದ್ರಗಳಲ್ಲಿ ಬಯಲಿಗೆ ಬರವಿಲ್ಲ, ಗೋಲ್‌ಪೋಸ್ಟ್ ಮಾತ್ರ ಹುಡುಕಬೇಕು.

ಇಲ್ಲಿ ಕ್ಲಬ್ಬಿನ ಮಾಲೀಕರಾದ ಜೆಎಸ್‌ಡಬ್ಲ್ಯು ಅವರಿಗೆ ನೇರವಾಗಿಯೇ ಒಂದು ಮಾತು ಹೇಳಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ, ವಿಜಯನಗರದಲ್ಲಿ, 2018ರಲ್ಲಿ ನೀವು ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕಟ್ಟಿದಿರಿ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆ ಅಲ್ಲಿ ಒಳ್ಳೆಯ ವ್ಯವಸ್ಥೆಯಿದೆ. ಬೆಂಗಳೂರು ಎಫ್‌ಸಿ ಅಕಾಡೆಮಿಯ ಹುಡುಗರು ಉಳಿದು ಕಲಿತದ್ದೂ ಅಲ್ಲಿಯೇ. ಬನಹಟ್ಟಿಯಿಂದ ನೋಡಿದರೆ ಅದು ಬೆಂಗಳೂರಿನ ಅರ್ಧ ದಾರಿಯೂ ಅಲ್ಲ. ಉತ್ತರ ಕರ್ನಾಟಕದ ನಡುವೆ ಕೂತ ಅಕಾಡೆಮಿಯ ಆಯ್ಕೆ ಶಿಬಿರ ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೊಮ್ಮೆ ನಡೆದರೆ ಸಾಕು. ಜಮಖಂಡಿಯ ಪೋಲೊ ಮೈದಾನದಲ್ಲಿ ಒಂದು ದಿನ, ಮುಧೋಳದಲ್ಲಿ ಒಂದು ದಿನ. ಹನ್ನೆರಡು ವರ್ಷದೊಳಗಿನವರನ್ನು ಕರೆಯಿರಿ, ಕಬಡ್ಡಿ ಆಡುವವರನ್ನೂ ಗರಡಿಗೆ ಹೋಗುವವರನ್ನೂ ಕರೆಯಿರಿ. ಮಗ್ಗದ ಮನೆಯ, ಕಬ್ಬಿನ ಗ್ಯಾಂಗಿನ ಮಕ್ಕಳಿಗೆ ಬಸ್ಸಿನ ಖರ್ಚೂ ಭಾರ, ಅದನ್ನು ಕ್ಲಬ್ ಹೊರಲಿ. 2024-25ರ ಸೀಸನ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಮೊದಲ ಪಂದ್ಯದ ಒಂದೇ ಒಂದು ಗೋಲು ಹೊಡೆದು ಗೆಲ್ಲಿಸಿದ್ದು ಬೆಂಗಳೂರಿನದೇ ಹುಡುಗ ವಿನೀತ್ ವೆಂಕಟೇಶ್, ಕ್ಲಬ್ಬಿನ ಕಿರಿಯರ ತಂಡದಿಂದ ಮೇಲೆ ಬಂದವನು. ದಾರಿ ಇದೆ, ಅದನ್ನು ತುಮಕೂರಿನಾಚೆಗೂ ಎಳೆಯಬೇಕು.

ಅದು ಹತ್ತು ವರ್ಷದ ಕೆಲಸ. ಮುಂದಿನ ಸೀಸನ್‌ಗೆ ನನ್ನ ಬೇಡಿಕೆ ಸಣ್ಣದು. ಕಾರ್ನರ್ ರಕ್ಷಣೆಗೆಂದೇ ಒಬ್ಬ ಕೋಚ್ ಇರಲಿ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ 117ನೇ ನಿಮಿಷಕ್ಕೆ ಡಿಮಾಸ್ ಡೆಲ್ಗಾಡೊ ಕಾರ್ನರಿಗೆ ರಾಹುಲ್ ಭೆಕೆ ತಲೆ ಕೊಟ್ಟು ನಮಗೆ ಒಂದೇ ಒಂದು ಐಎಸ್‌ಎಲ್ ಕಪ್ ತಂದರು, ಕಾರ್ನರಿನ ಬೆಲೆ ಈ ಕ್ಲಬ್ಬಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂದಿರುವಾಗ ಚೆಂಡನ್ನು ಕಾಲಡಿ ಇಟ್ಟುಕೊಂಡು ಆಟದ ಓಟ ತಗ್ಗಿಸಬಲ್ಲ, ಡಿಮಾಸ್‌ನಂಥ ಒಬ್ಬ ಮಿಡ್‌ಫೀಲ್ಡರ್ ಬೇಕು. ಶಿವಶಕ್ತಿಗೆ ನಡುವಿನ ಜಾಗದಲ್ಲೇ ಸತತ ಹತ್ತು ಪಂದ್ಯ ಕೊಡಿ, ಗೋಲು ಬರಲಿ ಬಿಡಲಿ. ಚೆಟ್ರಿ 60ನೇ ನಿಮಿಷದ ನಂತರ ಇಳಿಯಲಿ, ಎದುರಾಳಿಯ ಕಾಲು ಸೋತಾಗ ಅವರ ತಲೆ ಇನ್ನಷ್ಟು ಚುರುಕಾಗುತ್ತದೆ. ಮತ್ತೆ 1-0 ಆದಾಗ ಕೋಚ್ ಗೆರೆಯ ಹತ್ತಿರ ನಿಂತು ಎರಡೂ ಕೈ ಮುಂದಕ್ಕೆ ಬೀಸಲಿ, ಹುಡುಗರು ಮುಂದಕ್ಕೇ ಹೋಗಲಿ. ಹಾಗೆ ಆಡಿ 1-2 ಸೋತರೆ ಬನಹಟ್ಟಿಯಲ್ಲಿ ಯಾರೂ ರೆಫರಿಯನ್ನು ಬೈಯುವುದಿಲ್ಲ.